ದೇವಖಾತ: ಒಂದು ಧರ್ಮವಿಚಾರ

ಸ್ನಾನವು ನಿತ್ಯಕರ್ಮಗಳಲ್ಲಿ ಮೊದಲನೆಯದೆಂಬುದನ್ನು ಆಸ್ತಿಕ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಯಾವ ನೀರಿನಲ್ಲಿ ಸ್ನಾನ ಮಾಡಬೇಕೆಂಬ ವಿಷಯದಲ್ಲಿ ಧರ್ಮಶಾಸ್ತ್ರಕಾರರು ಎಷ್ಟು ಸೂಕ್ಷ್ಮವಾಗಿ ವಿಚಾರ ಮಾಡಿರುವರೆಂಬುದು, ನಲ್ಲಿಯ ನೀರು ಮನೆಯೊಳಗೆ ಬಂದ ಈ ಕಾಲದಲ್ಲಿ ಬಹುಮಟ್ಟಿಗೆ ಮರೆತುಹೋಗಿದೆ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ನಿತ್ಯಸ್ನಾನಕ್ಕೆ ಯೋಗ್ಯವಾದ ಜಲಗಳನ್ನು ಎಣಿಸುವಾಗ ನದಿ, ಸರೋವರ, ಒರತೆಗಳ ಜೊತೆಗೆ ‘ದೇವಖಾತ’ವೆಂಬ ಒಂದು ಬಗೆಯನ್ನು ಹೇಳಿದೆ. ಖಾತವೆಂದರೆ ಅಗೆದದ್ದು. ಯಾವ ಮನುಷ್ಯನೂ ಅಗೆಯದ, ಅಗೆಸದ, ದೇವರೇ ಅಗೆದಿಟ್ಟ ಮಡುವಿಗೆ ದೇವಖಾತವೆಂದು ಹೆಸರು. ಅದೇ ಪ್ರಕರಣದಲ್ಲಿ, ಪರರು ತೋಡಿಸಿದ ಕೆರೆಯಲ್ಲಿ ಸ್ನಾನ ಮಾಡಿದವನಿಗೆ ತೋಡಿಸಿದವನ ಪಾಪದಲ್ಲಿ ಒಂದು ಪಾಲು ಅಂಟುತ್ತದೆಂಬ ಎಚ್ಚರಿಕೆಯೂ ಇದೆ. ಯಾಜ್ಞವಲ್ಕ್ಯರು ಇದಕ್ಕೊಂದು ದಾರಿಯನ್ನು ತೋರಿಸುತ್ತಾರೆ: ಪರರ ನೀರಿಗೆ ಇಳಿಯುವವನು ಮೊದಲು ತಳದಿಂದ ಐದು ಮುದ್ದೆ ಕೆಸರನ್ನು ಎತ್ತಿ ದಂಡೆಗೆ ಹಾಕಬೇಕು, ಅನಂತರ ಮುಳುಗಬಹುದು. ಹತ್ತು ಜನ ಮಿಂದರೆ ಐವತ್ತು ಮುದ್ದೆ ಹೂಳು ಮೇಲಕ್ಕೆ ಬಂತೆಂದು ಲೆಕ್ಕ. ಸ್ನಾನ ಮಾಡುವವನು ಕೆರೆಗೆ ಸಲ್ಲಿಸುವ ಕಂದಾಯವಿದು.

ದೇವಖಾತಕ್ಕೆ ಈ ಕಂದಾಯವಿಲ್ಲ. ಅದರ ಒಡೆಯನು ಶ್ರೀಹರಿ. ಆತನ ಪಾಪದಲ್ಲಿ ಪಾಲು ಎಂಬ ಮಾತೇ ಹುಟ್ಟುವುದಿಲ್ಲ. ಪಾಠಶಾಲೆಯಲ್ಲಿ ಈ ಭಾಗವನ್ನು ಓದುವಾಗ ಸಹಜವಾಗಿ ತೋರಿದ ಈ ವ್ಯವಸ್ಥೆಯು ಈಚೆಗೆ ನಮಗೆ ಒಂದು ಕಠಿಣವಾದ ಪ್ರಶ್ನೆಯಾಗಿ ಎದುರು ನಿಂತಿದೆ. ಅದರ ಕಾರಣವನ್ನು ಮೊದಲು ನಿವೇದಿಸುತ್ತೇವೆ.

ಆಗುಂಬೆಯ ಘಟ್ಟದ ಕೆಳಗೆ, ಸೀತಾನದಿಗೆ ಹೋಗಿ ಸೇರುವ ಹಳ್ಳಗಳಲ್ಲಿ ಒಂದರ ಮೇಲೆ ಒಂದು ಸಣ್ಣ ಅಬ್ಬಿ ಇದೆ. ನಮ್ಮ ಸೀಮೆಯಲ್ಲಿ ‘ಜಲಪಾತ’ವೆಂಬುದು ಪುಸ್ತಕದ ಮಾತು. ಘಟ್ಟದ ಮೇಲಿನವರಿಗೆ ಅದು ಅಬ್ಬಿ, ತುಳುವರಿಗೆ ಅರ್ಬಿ, ಸ್ವಲ್ಪ ದೊಡ್ಡದಾಗಿ, ಕೆಳಗೆ ಮೀಯಲು ಮಡುವೊಂದಿದ್ದರೆ ತೀರ್ಥ. ಕೂಡ್ಲುತೀರ್ಥ, ಜೋಮ್ಲುತೀರ್ಥ ಎಂಬ ಹೆಸರುಗಳನ್ನು ವಾಚಕರು ಬಲ್ಲರು. ಒನಕೆ ಅಬ್ಬಿ, ಬರ್ಕಣಗಳನ್ನೂ ಕೇಳಿರುವರು. ನಾವು ಹೇಳುವ ಅಬ್ಬಿಯು ಇವುಗಳ ಎದುರಿಗೆ ಮಗುವಿನಂಥದು. ಎರಡು ಅಡಕೆಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಆದೀತು, ಅಷ್ಟೇ ಎತ್ತರ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲಿರುವುದರಿಂದ ಆಷಾಢ ಶ್ರಾವಣಗಳಲ್ಲಿ ಅದರ ಹತ್ತಿರಕ್ಕೂ ಸುಳಿಯುವಂತಿಲ್ಲ. ಮಳೆ ಹಿಂದಾಗಿ ಕಾರ್ತಿಕ ಕಳೆಯುವ ಹೊತ್ತಿಗೆ ನೀರು ತಿಳಿಯಾಗಿ, ಬಂಡೆಯ ಎದೆಯ ಮೇಲೆ ಬಿಳಿಯ ಉತ್ತರೀಯವನ್ನು ಇಳಿಬಿಟ್ಟಂತೆ ಕಾಣುತ್ತದೆ.

ಅರಣ್ಯ ಇಲಾಖೆಯ ಅನುಮತಿ ಪಡೆದು ನಮ್ಮನ್ನು ಅಲ್ಲಿಗೆ ಕರೆದೊಯ್ದವರು ಮಲೆಕುಡಿಯ ಸಮುದಾಯದ ಓರ್ವ ವೃದ್ಧರು. ರಾಮಪತ್ರೆಯ ಮರಗಳ ನೆರಳಿನಲ್ಲಿ, ಬೆತ್ತದ ಮುಳ್ಳುಗಳನ್ನು ಬಿಡಿಸಿಕೊಳ್ಳುತ್ತ, ಕಾಲಿಗೆ ಹತ್ತಿದ ಇಂಬಳಗಳನ್ನು ಕಿತ್ತೆಸೆಯುತ್ತ ಎರಡು ಗಂಟೆಗಳ ಕಾಲ ನಡೆಯಬೇಕು. ನೀರಿನ ಸದ್ದು ಕೇಳತೊಡಗಿದ ಮೇಲೆ ಅವರು ಹಿಂದಿರುಗಿ, “ಇನ್ನು ಮುಂದೆ ದೊಡ್ಡದಾಗಿ ಮಾತಾಡಬೇಡಿ ಭಟ್ರೇ” ಎಂದರು. ಬಂಡೆಯ ಹೊಟ್ಟೆಯಲ್ಲಿ ಹೆಜ್ಜೇನು ಕಟ್ಟಿತ್ತು. ದೇವಸ್ಥಾನದ ಗರ್ಭಗುಡಿಯ ಎದುರು ಎಷ್ಟು ಬೋರ್ಡು ಹಾಕಿದರೂ ಸಿದ್ಧಿಸದ ಮೌನವು ಅಲ್ಲಿ ಹೆಜ್ಜೇನಿನ ಭಯದಿಂದ ತಾನಾಗಿ ಸಿದ್ಧಿಸುತ್ತದೆ. ಅಬ್ಬಿಯ ಹೆಸರೇನೆಂದು ಕೇಳಿದೆವು. “ಹೆಸರು ಯಾಕೆ? ಅರ್ಬಿ ಅಂದರೆ ಇದೇ” ಎಂದು ಅವರು ಉತ್ತರಿಸಿದರು.

ಮಡುವಿನ ನೀರು ಹೊಕ್ಕುಳ ಮಟ್ಟಕ್ಕೆ ಬರುತ್ತಿತ್ತು. ಸಂಕಲ್ಪವನ್ನು ಹೇಳಿ ಮುಳುಗಿ, ಅರ್ಘ್ಯವಿತ್ತು, ಒದ್ದೆಯ ಬಟ್ಟೆಯಲ್ಲೇ ಬಂಡೆಯ ಮೇಲೆ ಕುಳಿತು ಜಪ ಮಾಡಿದೆವು. ಹನಿಯ ಮಂಜು ಮೈಮೇಲೆ ಬೀಳುತ್ತಲೇ ಇತ್ತು. ಎಲ್ಲಿಯೋ ಸಿಳ್ಳಾರ ಹಕ್ಕಿಯೊಂದು, ಹಾಡನ್ನು ಅರ್ಧಕ್ಕೆ ಮರೆತ ಹುಡುಗನಂತೆ, ಹಾಡಿ ನಿಲ್ಲಿಸಿ ಮತ್ತೆ ಮೊದಲಿನಿಂದ ಹಾಡುತ್ತಿತ್ತು. ಇದಕ್ಕಿಂತ ಹೆಚ್ಚಿನ ವರ್ಣನೆ ಪ್ರಕೃತಕ್ಕೆ ಅನಾವಶ್ಯಕ.

ಈ ಸುದ್ದಿ ನಮ್ಮ ಭಜನಾ ಮಂಡಳಿಯ ತರುಣರ ಕಿವಿಗೆ ಬಿತ್ತು. ಮುಂದಿನ ಧನುರ್ಮಾಸ ಮುಗಿದ ಮೇಲೆ ಒಂದು ಬಸ್ಸು ಮಾಡಿಕೊಂಡು ಎಲ್ಲರೂ ಹೋಗೋಣ, ಸ್ಥಳದ ವಿವರವನ್ನೂ ದಾರಿಯ ನಕ್ಷೆಯನ್ನೂ ಈ ಪತ್ರಿಕೆಯಲ್ಲಿ ಪ್ರಕಟಿಸಿರಿ ಎಂದು ಅವರ ಆಗ್ರಹ. ನಾವು ಒಪ್ಪಲಿಲ್ಲ. ಒಪ್ಪದಿರುವುದು ಧರ್ಮವೇ ಎಂಬುದು ಪ್ರಶ್ನೆ.

ಪೂರ್ವಪಕ್ಷವು ಬಲವಾಗಿಯೇ ಇದೆ. ನಮ್ಮ ತೀರ್ಥರೂಪರು ನಾಲ್ವತ್ತು ವರ್ಷಗಳಿಗೂ ಮೇಲ್ಪಟ್ಟು ಪೂಜೆಯನ್ನು ನಡೆಸಿಕೊಂಡು ಬಂದವರು. ಅವರು ತರುಣರ ಪಕ್ಷವನ್ನು ವಹಿಸಿ ಹೀಗೆ ವಾದಿಸಿದರು: ‘ತೀರ್ಥ’ ಶಬ್ದವು ದಾಟುವುದೆಂಬ ಅರ್ಥದ ಧಾತುವಿನಿಂದ ಬಂದದ್ದು. ಹೊಳೆಯಲ್ಲಿ ಎಲ್ಲಿ ಇಳಿದು ದಾಟಬಹುದೋ ಅದು ತೀರ್ಥ. ಇಳಿಯಲು ದಾರಿಯಿಲ್ಲದ ನೀರು ಬರೀ ನೀರು. ಬಚ್ಚಿಟ್ಟ ತೀರ್ಥವೆಂಬುದು ವಂಧ್ಯಾಪುತ್ರನಂತೆ, ಮಾತಿನಲ್ಲಿ ಮಾತ್ರ ಉಂಟು. ಶ್ರೀವಾದಿರಾಜರು ದೇಶವನ್ನೆಲ್ಲ ಸಂಚರಿಸಿ ನಾಲ್ಕು ದಿಕ್ಕುಗಳ ಕ್ಷೇತ್ರಗಳನ್ನೂ ‘ತೀರ್ಥಪ್ರಬಂಧ’ದಲ್ಲಿ ಕೊಂಡಾಡಿರುವುದು ಯಾತಕ್ಕೆ? ಕಂಡವರು ಕಾಣದವರಿಗೆ ಹೇಳಲೆಂದಲ್ಲವೇ? ತಮ್ಮ ಮಾತಿಗೆ ಪುಷ್ಟಿಯಾಗಿ ಅವರು ಬೇರೆ ಸಂಪ್ರದಾಯದ ದೃಷ್ಟಾಂತವನ್ನೂ ತಂದರು. ಶ್ರೀರಾಮಾನುಜಾಚಾರ್ಯರು ತಿರುಕ್ಕೋಷ್ಟಿಯೂರಿನ ಗೋಪುರವನ್ನೇರಿ, ಗುರುಗಳು ಗೋಪ್ಯವೆಂದು ಉಪದೇಶಿಸಿದ್ದ ಮಂತ್ರಾರ್ಥವನ್ನು ಎಲ್ಲರಿಗೂ ಕೇಳುವಂತೆ ಸಾರಿದರೆಂಬ ಕಥೆಯನ್ನು ಯಾರು ತಾನೇ ಮೆಚ್ಚುವುದಿಲ್ಲ?

ಈ ಕೊನೆಯ ದೃಷ್ಟಾಂತವು ನಮ್ಮನ್ನು ಬಹಳ ದಿನ ಕಾಡಿತು. ಮಂತ್ರವನ್ನು ಮುಚ್ಚಿಡುವುದು ಲೋಭವಾದರೆ ಮಡುವನ್ನು ಮುಚ್ಚಿಡುವುದು ಹೇಗೆ ಲೋಭವಲ್ಲ? ವಿಚಾರ ಮಾಡುತ್ತ ಹೋದಾಗ ವ್ಯತ್ಯಾಸವು ವಸ್ತುಸ್ವಭಾವದಲ್ಲಿಯೇ ಇದೆಯೆಂದು ತೋರಿತು. ದೀಪದಿಂದ ದೀಪವನ್ನು ಹೊತ್ತಿಸಿದರೆ ಮೊದಲನೆಯದರ ಬೆಳಕು ಕುಂದುವುದಿಲ್ಲ. ವಿದ್ಯೆಯೂ ಮಂತ್ರವೂ ಆ ಜಾತಿಯವು. ಸಾವಿರ ಜನ ಕೇಳಿದರೂ ಮಂತ್ರವು ತುಳಿತಕ್ಕೆ ಸಿಕ್ಕುವುದಿಲ್ಲ. ಮಡುವು ಹಾಗಲ್ಲ. ಅದಕ್ಕೆ ಇಂತಿಷ್ಟು ಅಗಲ, ಇಂತಿಷ್ಟು ಆಳ, ಇಂತಿಷ್ಟು ತಾಳ್ಮೆ.

ಈ ಕೊನೆಯ ಮಾತು ಅಲಂಕಾರಕ್ಕಾಗಿ ಹೇಳಿದ್ದಲ್ಲ. ಪಶ್ಚಿಮಘಟ್ಟದ ಇಂತಹ ಹಳ್ಳಗಳಲ್ಲಿ ಹೆಬ್ಬೆಟ್ಟಿನ ಗಾತ್ರವನ್ನು ಮೀರದ ಒಂದು ಜಾತಿಯ ಕಪ್ಪೆಗಳಿವೆ. ನೀರಿನ ಭೋರ್ಗರೆತದಲ್ಲಿ ತನ್ನ ಕೂಗು ಹೆಣ್ಣಿಗೆ ಕೇಳಿಸಲಾರದೆಂದು ಗಂಡುಕಪ್ಪೆಯು ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಒಂದೊಂದಾಗಿ ಚಾಚಿ, ಬೆರಳುಗಳ ನಡುವಣ ಬಿಳಿಯ ಜಾಲಪೊರೆಯನ್ನು ಬಾವುಟದಂತೆ ಬೀಸಿ ಸಂಜ್ಞೆ ಮಾಡುತ್ತದೆ. ಕುಣಿಯುವ ಕಪ್ಪೆಗಳೆಂದು ಇವಕ್ಕೆ ಹೆಸರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣರಾಯರು ಇವುಗಳಲ್ಲಿ ಒಂದನ್ನು ಕೊಟ್ಟಿಗೆಹಾರದ ಹೆಸರಿನಿಂದ 1937ರಲ್ಲಿಯೇ ವರ್ಣಿಸಿದ್ದರು, 2014ರಲ್ಲಿ ಎಸ್. ಡಿ. ಬಿಜು ಮತ್ತು ಅವರ ಸಂಗಡಿಗರು ಇನ್ನೂ 14 ಪ್ರಭೇದಗಳನ್ನು ಗುರುತಿಸಿದರು. ಹೆಣ್ಣುಕಪ್ಪೆಯು ಹಳ್ಳದ ತಳದ ಮರಳನ್ನು ಹಿಂಗಾಲಿನಿಂದ ತೋಡಿ, ಮೊಟ್ಟೆಯಿಟ್ಟು, ಮತ್ತೆ ಮುಚ್ಚುತ್ತದೆ. ಇದು ನಡೆಯುವುದು ಮಳೆ ಇಳಿದು ನೀರು ತಗ್ಗಿದ ಮೇಲೆ. ಅಂದರೆ ಯಾತ್ರಿಕರು ಬಸ್ಸು ಮಾಡಿಕೊಂಡು ಬರುವ ದಿನಗಳಲ್ಲಿಯೇ. ಮೊಣಕಾಲುದ್ದದ ಮರಳಿನಲ್ಲಿ ಐವತ್ತು ಜನ ನಡೆದಾಡಿದರೆ ಎಷ್ಟು ಸಂಸಾರಗಳು ಕಾಲಡಿಗೆ ಬೀಳುವುವೆಂದು ಯಾರೂ ಲೆಕ್ಕವಿಡುವುದಿಲ್ಲ. ಕಪ್ಪೆಯು ಚರ್ಮದ ಮೂಲಕವೂ ಉಸಿರಾಡುವ ಪ್ರಾಣಿ. ನಮ್ಮ ಸಾಬೂನು ಶಾಂಪೂಗಳ ನೊರೆ ಅದರ ಪಾಲಿಗೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಸ್ಮೃತಿಯು ನೀರಿನಲ್ಲಿ ಉಗುಳುವುದನ್ನೂ ಮಲಮೂತ್ರಗಳನ್ನು ಬಿಡುವುದನ್ನೂ ನಿಷೇಧಿಸಿದೆ. ಶಾಂಪೂ ಆಗ ಇರಲಿಲ್ಲ.

ಇಲ್ಲಿ ಇನ್ನೊಂದು ಆಕ್ಷೇಪವೂ ಏಳುತ್ತದೆ. ಯಾರೂ ನೋಡದ ಅಬ್ಬಿಯ ಸೌಂದರ್ಯವು ವ್ಯರ್ಥವಲ್ಲವೇ? ಜೋಗವನ್ನು ಮೊದಲ ಸಲ ಕಂಡ ಸರ್ ಎಂ. ವಿಶ್ವೇಶ್ವರಯ್ಯನವರು ಎಷ್ಟೊಂದು ಶಕ್ತಿ ವ್ಯರ್ಥವಾಗುತ್ತಿದೆಯೆಂದು ಉದ್ಗರಿಸಿದರೆಂದು ಹೇಳುವ ವಾಡಿಕೆಯಿದೆ. ಅವರದು ವಿದ್ಯುತ್ತಿನ ಮಾತು. ಅದಕ್ಕೆ ಉತ್ತರವಾಗಿ 1948ರಲ್ಲಿ ಅಲ್ಲಿ ವಿದ್ಯುದಾಗಾರವೂ 1964ರ ವೇಳೆಗೆ ಲಿಂಗನಮಕ್ಕಿಯ ಕಟ್ಟೆಯೂ ಬಂದವು. ಸೌಂದರ್ಯದ ವಿಷಯದಲ್ಲಿ ವ್ಯರ್ಥವೆನ್ನುವವರು ತಿಳಿಯದೆಯೇ ಒಂದು ಸಿದ್ಧಾಂತವನ್ನು ಒಪ್ಪಿಕೊಂಡಿರುತ್ತಾರೆ: ಕಾಣುವವನಿದ್ದರೆ ಮಾತ್ರ ಕಾಣಿಸುವ ವಸ್ತುವಿಗೆ ಅರ್ಥ ಎಂಬುದು ಆ ಸಿದ್ಧಾಂತ. ಶ್ರೀಮದಾಚಾರ್ಯರ ಮತದಲ್ಲಿ ಇದಕ್ಕೆ ಎಡೆಯಿಲ್ಲ. ಜಗತ್ತು ಸತ್ಯ, ವಸ್ತುವು ತನ್ನ ಇರವಿಗಾಗಿ ನಮ್ಮ ಜ್ಞಾನವನ್ನು ಕಾದು ಕುಳಿತಿರುವುದಿಲ್ಲ, ಜ್ಞಾನವು ಇದ್ದುದನ್ನು ಇದ್ದಂತೆ ತಿಳಿಯುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ನಾವು ಎರಡು ಗಂಟೆ ನಡೆದು ಹೋಗಿ ಕಣ್ಣರಳಿಸಿದ್ದರಿಂದ ಆ ಅಬ್ಬಿಗೆ ಯಾವ ಗುಣವೂ ಹೊಸದಾಗಿ ಸೇರಲಿಲ್ಲ. ಭಗವಂತನು ಗೀತೆಯ ಏಳನೆಯ ಅಧ್ಯಾಯದಲ್ಲಿ ನೀರಿನೊಳಗಿನ ರಸವು ತಾನೆಂದು ಹೇಳುವಾಗ, ನೀವು ಕುಡಿದಾಗ ಮಾತ್ರ ಎಂಬ ಷರತ್ತನ್ನು ಹಾಕಿಲ್ಲ.

ಅಷ್ಟೇ ಅಲ್ಲ, ಯಾರೂ ಕಾಣದ ಅಬ್ಬಿ ಎಂಬ ಮಾತೇ ಸರಿಯಲ್ಲ. ಆ ವೃದ್ಧರು ಅದನ್ನು ಕಂಡಿದ್ದರು, ಅವರ ತಂದೆ ಕಂಡಿದ್ದರು. ‘ಗುಪ್ತ’, ‘ಅಜ್ಞಾತ’ ಎಂದು ನಾವು ಹೇಳುವಾಗ, ಡಾಂಬರು ರಸ್ತೆಯಲ್ಲಿ ಓಡಾಡುವ ನಮ್ಮಂಥವರಿಗೆ ತಿಳಿಯದ್ದು ಎಂದಷ್ಟೇ ಅರ್ಥ. ಮಲೆಕುಡಿಯರಿಗೆ ಅದು ಊರಿನ ಬಾವಿಯಷ್ಟೇ ಪರಿಚಿತ. ಹೀಗಿರಲಾಗಿ, ನಕ್ಷೆ ಪ್ರಕಟಿಸುವ ಅಧಿಕಾರವಾದರೂ ನಮ್ಮ ಕೈಗೆ ಯಾವಾಗ ಬಂತು? ಅತಿಥಿಯಾಗಿ ಹೋದವನು ಆ ಮನೆಯ ಬಾಗಿಲ ಕೀಲಿಕೈಯನ್ನು ಸಂತೆಯಲ್ಲಿ ಹಂಚಿದಂತಾಗುವುದಿಲ್ಲವೇ?

ಇಷ್ಟರಿಂದ ನಮ್ಮ ಪಕ್ಷವು ಗೆದ್ದಿತೆಂದು ತೋರಬಹುದು. ಆದರೆ ನಿಜವಾದ ಕಂಟಕವು ಇನ್ನು ಮೇಲಿದೆ. ತರುಣರಲ್ಲಿ ಒಬ್ಬನು, ಕಾಲೇಜಿನಲ್ಲಿ ಓದುತ್ತಿರುವವನು, ನೇರವಾಗಿ ಕೇಳಿದನು: “ನೀರನ್ನು ಬಚ್ಚಿಡುವುದು ನಮ್ಮವರಿಗೆ ಹೊಸದೇನು, ಆಚಾರ್ಯರೇ?”

ಈ ಪ್ರಶ್ನೆಯನ್ನು ಹಾರಿಸಿ ಮುಂದೆ ಹೋಗುವಂತಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯಲ್ಲಿ ಡಾ. ಅಂಬೇಡ್ಕರರು ಸಹಸ್ರಾರು ಜನರೊಡನೆ ಇಳಿದು ಬೊಗಸೆಯಲ್ಲಿ ನೀರು ಕುಡಿದರು. ಪುರಸಭೆಯು ಎಲ್ಲರಿಗೂ ತೆರೆದಿದೆಯೆಂದು ಠರಾವು ಮಾಡಿದ್ದ ಕೆರೆಯದು. ಅನಂತರ ಊರಿನ ಕೆಲವರು ಪಂಚಗವ್ಯವನ್ನು ಕೊಡಗಳಲ್ಲಿ ತಂದು ಸುರಿದು ಕೆರೆಯನ್ನು ‘ಶುದ್ಧಿ’ ಮಾಡಿದರು. ವ್ಯಾಜ್ಯವು ಹತ್ತು ವರ್ಷ ನಡೆದು 1937ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯದಲ್ಲಿ ಅಂಬೇಡ್ಕರರ ಪಕ್ಷವೇ ಗೆದ್ದಿತು. ದನಕರುಗಳು ಕುಡಿಯಬಹುದಾದ ನೀರನ್ನು ಮನುಷ್ಯನಿಗೆ ನಿಷೇಧಿಸಿದವರೂ ‘ಪಾವಿತ್ರ್ಯ’, ‘ಅಧಿಕಾರಭೇದ’ ಎಂಬ ಶಬ್ದಗಳನ್ನೇ ಬಳಸಿದ್ದರು. ಜೀವರಲ್ಲಿ ತಾರತಮ್ಯವುಂಟೆಂಬ ನಮ್ಮ ಸಿದ್ಧಾಂತವು ಜೀವಸ್ವರೂಪದ ಯೋಗ್ಯತೆಗೆ ಸಂಬಂಧಿಸಿದ್ದು, ಅದು ಭಗವಂತನಿಗೆ ಮಾತ್ರ ಪೂರ್ಣವಾಗಿ ವಿದಿತ. ಅದನ್ನು ಕೆರೆಯ ಕಟ್ಟೆಯ ಮೇಲೆ ಕುಳಿತು ಇಳಿಯುವವರ ಮುಖ ನೋಡಿ ತೀರ್ಮಾನಿಸಲು ಹೊರಟವರು ಸಿದ್ಧಾಂತಕ್ಕೆ ಮಾಡಿದ ಅಪಚಾರವು ಪ್ರತಿವಾದಿಗಳು ಮಾಡಿದ್ದಕ್ಕಿಂತ ಹೆಚ್ಚಿನದು ಎಂದು ನಮ್ಮ ಸ್ಪಷ್ಟ ಅಭಿಪ್ರಾಯ.

ಆದುದರಿಂದ ನಾವು ಆ ಸ್ಥಳವನ್ನು ಪ್ರಕಟಿಸದಿರುವುದಕ್ಕೆ, ಬರುವವರು ಅಯೋಗ್ಯರು, ಅವರಿಗೆ ಅಧಿಕಾರವಿಲ್ಲ ಎಂಬುದನ್ನು ಕಾರಣವಾಗಿ ಹೇಳುವುದಾದರೆ ಈ ಕ್ಷಣವೇ ನಕ್ಷೆಯನ್ನು ಅಚ್ಚು ಹಾಕಿಸುವುದು ಲೇಸು. ಕಾರಣವು ಜನರಲ್ಲಿಲ್ಲ, ನೀರಿನಲ್ಲಿದೆ. ಯಾರು ಬರಬಹುದೆಂಬುದಲ್ಲ, ಎಷ್ಟು ಮಂದಿ, ಹೇಗೆ ಬರುತ್ತಾರೆಂಬುದು ಪ್ರಶ್ನೆ. ಈ ಎಣಿಕೆಯಲ್ಲಿ ಮಠಾಧಿಪತಿಗಳ ಪರಿವಾರಕ್ಕೂ ಕಾಲೇಜಿನ ಹುಡುಗರಿಗೂ ಒಂದೇ ಅಳತೆ. ಮಡಿಯುಟ್ಟ ನೂರು ಕಾಲುಗಳೂ ಮರಳಿನಲ್ಲಿ ಹುದುಗಿದ ಮೊಟ್ಟೆಗಳಿಗೆ ನೂರು ಕಾಲುಗಳೇ.

ಜನಸಂದಣಿಯಿಂದ ಏನಾಗುತ್ತದೆಂಬುದಕ್ಕೆ ಊಹೆ ಬೇಕಿಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿ, ಆ ಸಾಲುಗಳ ಚಿತ್ರಗಳು ಎಲ್ಲೆಡೆ ಹರಡಿದ ಬಳಿಕ, ಸರಕಾರವು ಚಾರಣಗಳನ್ನೇ ತಾತ್ಕಾಲಿಕವಾಗಿ ನಿಲ್ಲಿಸಿ, ಮುಂಗಡ ನೋಂದಣಿಯ ವ್ಯವಸ್ಥೆಯನ್ನು ತರಬೇಕಾಯಿತು. 2023ರ ಜುಲೈಯಲ್ಲಿ ಕೊಲ್ಲೂರಿನ ಬಳಿಯ ಅರಶಿನಗುಂಡಿ ಜಲಪಾತದಲ್ಲಿ, ಸಂಗಡಿಗನು ವಿಡಿಯೋ ತೆಗೆಯುತ್ತಿದ್ದಂತೆಯೇ ತರುಣನೊಬ್ಬನು ಕಾಲು ಜಾರಿ ಬಿದ್ದು ಕೊಚ್ಚಿಹೋದನು. ಅದನ್ನು ನೋಡಿದವರು ಲಕ್ಷಾಂತರ. ಆದರೂ ಮುಂದಿನ ಮಳೆಗಾಲದಲ್ಲಿ ಜನ ಬಂಡೆಗಳ ಮೇಲೆ ನಿಲ್ಲುವುದು ತಪ್ಪಲಿಲ್ಲ.

ಹಿಂದಿನವರ ತೀರ್ಥಯಾತ್ರೆಗೂ ಇಂದಿನ ಸಂಚಾರಕ್ಕೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ಕೈ, ಕಾಲು, ಮನಸ್ಸುಗಳನ್ನು ಹಿಡಿತದಲ್ಲಿಟ್ಟವನಿಗೇ ತೀರ್ಥದ ಫಲವೆಂದು ಮಹಾಭಾರತದ ವನಪರ್ವವು ಹೇಳುತ್ತದೆ. ಕೈ ಎಂದರೆ ಏನನ್ನೂ ಕಿತ್ತುಕೊಳ್ಳದ, ಎಸೆಯದ ಕೈ. ಕಾಲು ಎಂದರೆ ಎಲ್ಲಿ ಇಡಬೇಕೆಂದು ನೋಡಿ ಇಡುವ ಕಾಲು ಎಂದು ನಾವು ಅರ್ಥ ಮಾಡುತ್ತೇವೆ. ವ್ಯಾಖ್ಯಾನಕಾರರು ಒಪ್ಪದಿದ್ದರೆ ಬಿಡಲಿ. ಶ್ರೀವಾದಿರಾಜರ ತೀರ್ಥಪ್ರಬಂಧವನ್ನು ಓದಿ ಯಾತ್ರೆಗೆ ಹೊರಟವನು ತಿಂಗಳುಗಟ್ಟಲೆ ನಡೆಯಬೇಕಾಗಿತ್ತು. ಆ ನಡಿಗೆಯೇ ಜರಡಿಯಾಗಿತ್ತು. ಅದು ಕುಲವನ್ನು ನೋಡುವ ಜರಡಿಯಲ್ಲ, ಆಸೆಯ ಆಳವನ್ನು ನೋಡುವ ಜರಡಿ. ಈಗ ಸ್ಥಳದ ಹೆಸರನ್ನು ದೂರವಾಣಿಯಲ್ಲಿ ಒತ್ತಿದರೆ ಅದೇ ದಾರಿ ಹೇಳುತ್ತ ಕರೆದೊಯ್ಯುತ್ತದೆ. ಶ್ಲೋಕವೂ ನಕ್ಷೆಯೂ ದಾರಿ ತೋರುವಂಥವೇ ಆದರೂ ಅವು ಕರೆತರುವ ಯಾತ್ರಿಕರು ಒಂದೇ ಬಗೆಯವರಲ್ಲ.

ಹಾಗಾದರೆ ತರುಣರಿಗೆ ಏನು ಹೇಳಿದೆವು? ಅಚ್ಚಿನಲ್ಲಿ ಹಾಕುವುದಿಲ್ಲ, ಆದರೆ ಎದುರಿಗೆ ಬಂದು ಕೇಳಿದ ಯಾರಿಗೂ ಇಲ್ಲವೆನ್ನುವುದಿಲ್ಲ. ಯಾವ ಜಾತಿ, ಯಾವ ಮತವೆಂದು ವಿಚಾರಿಸುವುದಿಲ್ಲ. ಆ ವೃದ್ಧರ ಒಪ್ಪಿಗೆಯೂ ಅರಣ್ಯ ಇಲಾಖೆಯ ಅನುಮತಿಯೂ ಇದ್ದ ದಿನ, ಒಮ್ಮೆಗೆ ಐದಾರು ಜನ, ಕಾಲ್ನಡಿಗೆಯಲ್ಲಿ. ದಾರಿ ತೋರಿದವರಿಗೆ ಆ ದಿನದ ಕೂಲಿಯನ್ನು ಕೈಗೆ ಕೊಡತಕ್ಕದ್ದು. ತಾಂಬೂಲದೊಡನೆ ಕೊಟ್ಟರೆ ಇನ್ನೂ ಒಳ್ಳೆಯದು. ಸಾಬೂನು ಬೇಡ. ಹಳ್ಳದ ಮರಳಿನಲ್ಲಿ ನಡೆಯದೆ ಬಂಡೆಯಿಂದಲೇ ಮಡುವಿಗೆ ಇಳಿಯಬೇಕು. ಇನ್ನು ಐದು ಮುದ್ದೆಗಳ ವಿಷಯ. ದೇವಖಾತಕ್ಕೆ ಆ ವಿಧಿಯಿಲ್ಲವೆಂದು ಆರಂಭದಲ್ಲಿ ಹೇಳಿದೆವಷ್ಟೆ. ವಿಧಿಯಿಲ್ಲವೆಂದರೆ ನಿಷೇಧವಿದೆಯೆಂದಲ್ಲ. ಆ ವೃದ್ಧರೊಡನೆ ನಾವು ಮೂರನೆಯ ಸಲ ಹೋದಾಗ ಮಡುವಿನ ಬಾಯಲ್ಲಿ, ಎಲ್ಲಿಂದಲೋ ಬಂದಿದ್ದ ಯಾರೋ ಬಿಟ್ಟುಹೋದ ಎರಡು ಪ್ಲಾಸ್ಟಿಕ್ ಬಾಟಲಿಗಳೂ ಒಂದು ಚಿಪ್ಸ್ ಪೊಟ್ಟಣವೂ ಸಿಕ್ಕಿಕೊಂಡಿದ್ದವು. ಅವನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು ಅನಂತರ ಸಂಕಲ್ಪ ಹೇಳಿದೆವು. ಮೂರೇ ಆದುವಲ್ಲ, ಐದಕ್ಕೆ ಇನ್ನೆರಡು ಬೇಕಲ್ಲ ಎಂದು ಹುಡುಕುತ್ತಿದ್ದಾಗ ಆ ವೃದ್ಧರು ನಕ್ಕು, “ಮುಂದಿನ ಸಲಕ್ಕೆ ಇರುತ್ತವೆ ಬಿಡಿ ಭಟ್ರೇ” ಎಂದರು.

ಈ ಲೇಖನವನ್ನು ಅಚ್ಚಿಗೆ ಕಳುಹಿಸುವ ಮುನ್ನ ತೀರ್ಥರೂಪರಿಗೆ ಓದಿ ಹೇಳಿದೆವು. ಮಹಾಡದ ಪ್ರಸಂಗ ಬಂದಾಗ ಅವರು ಮತ್ತೊಮ್ಮೆ ಓದಿಸಿ ಕೇಳಿ, ಇರಲಿ ಎಂದರು. ಐದು ಮುದ್ದೆಗಳ ಮಾತನ್ನು ಮೆಚ್ಚಿದರು. ಹೆಸರು ಹೇಳದಿರುವುದನ್ನು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. “ಎಲ್ಲಾ ಸರಿ ಮಾಣಿ. ಬಾಯಿಂದ ಬಾಯಿಗೆ ಹೇಳುವುದೆಂದರೆ ಹೇಳುವ ಬಾಯಿ ಇರಬೇಕಲ್ಲ. ಆ ಅಜ್ಜನಿಗೆ ಎಂಬತ್ತು ದಾಟಿತು. ಆಮೇಲೆ ದಾರಿ ಬಲ್ಲವರು ಯಾರು?” ಎಂದು ಕೇಳಿದರು.

ಮೊಮ್ಮಗನಿದ್ದಾನೆ, ಅವನಿಗೆ ಗೊತ್ತಿದೆ ಎಂದೆವು.

“ಅವನು ಬೆಂಗಳೂರಿನಲ್ಲಿ ಹೋಟೆಲಿಗೆ ಸೇರಿ ಎರಡು ವರ್ಷವಾಯಿತಲ್ಲ” ಎಂದು ಹೇಳಿ, ಸಾಯಂಪೂಜೆಗೆ ಹೊತ್ತಾಯಿತೆಂದು ಅವರು ಎದ್ದುಹೋದರು.